ಹುಳಿ ಆಮೇಲೆ: ಒಲೆಯ ಮೇಲೆ ಟೊಮೆಟೊ ಬೀನ್ಸ್ ಮಾಡುವ ಬಗೆ

ಬೇಳೆ ಬೇಯುವ ಮೊದಲು ಹುಣಸೆಹುಳಿ ಹಾಕಬೇಡ ಅಂತ ಅಮ್ಮ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಸಾಂಬಾರಿಗೆ ಆ ಮಾತನ್ನು ತಪ್ಪದೆ ಪಾಲಿಸಿಕೊಂಡು ಬಂದ ನಾನು, ಮೊದಲ ಸಲ ಟೊಮೆಟೊ ಸಾಸಿನ ಬೀನ್ಸ್ ಮಾಡಹೊರಟ ದಿನ ಪೂರ್ತಿ ಮರೆತುಬಿಟ್ಟೆ. ಇದು ಪರದೇಶದ ತಿಂಡಿ, ನಮ್ಮ ಕುಂದಾಪುರದ ಅಡುಗೆಮನೆಯ ಕಾನೂನು ಇದಕ್ಕೆಲ್ಲಿ ಅನ್ವಯಿಸುತ್ತದೆ ಎಂಬ ಉಡಾಫೆಯೂ ಇತ್ತೆನ್ನಿ. ನೆನೆಸಿದ ಬಿಳಿ ರಾಜ್ಮಾ, ರುಬ್ಬಿದ ಟೊಮೆಟೊ, ಬೆಲ್ಲ, ಉಪ್ಪು ಎಲ್ಲವನ್ನೂ ಒಂದೇ ಟೋಪು ಪಾತ್ರೆಗೆ ಸುರಿದು ಒಲೆ ಹಚ್ಚಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಒಲೆ ಹನ್ನೊಂದೂವರೆಯಾದರೂ ಉರಿಯುತ್ತಲೇ ಇತ್ತು. ಸಾಸ್ ಎರಡು ಸಲ ತಳ ಹಿಡಿಯಿತು, ಕಾಳು ಮಾತ್ರ ಹಲ್ಲಿಗೆ ಕಟಕಟ. ಮನೆಮಂದಿ ಪಾವ್‌ಗೆ ಬೆಣ್ಣೆ ಸವರಿಕೊಂಡು ತಿಂದು ಎದ್ದರು.

ಈ ಅಡುಗೆಯಲ್ಲಿ ಕೈಚಳಕ ಅಂತ ದೊಡ್ಡದೇನೂ ಇಲ್ಲ, ಇರುವುದು ಕ್ರಮ. ಕಾಳು ಪೂರ್ತಿ, ಅಂದರೆ ಪೂರ್ತಿ ಬೆಂದ ಮೇಲಷ್ಟೇ ಟೊಮೆಟೊ. ಅದು ಯಾಕೆ ಅಂತ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ನೆನಪಿರುತ್ತದೆ. ಕಾಳಿನೊಳಗಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗೋಂದಿನ ಹೆಸರು ಪೆಕ್ಟಿನ್. ಬಿಸಿನೀರಿನಲ್ಲಿ ಅದು ಕರಗಿದಾಗ ಕಾಳು ಮೆತ್ತಗಾಗುತ್ತದೆ. ಹುಳಿ ಇದ್ದರೆ ಅದು ಕರಗಲು ಒಪ್ಪುವುದಿಲ್ಲ. ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಿದ್ದರೆ ಇನ್ನಷ್ಟು ಬಿಗಿಯಾಗುತ್ತದೆ. ಬೆಲ್ಲದಲ್ಲಿಯೂ ಕ್ಯಾಲ್ಸಿಯಂ ಇದೆ, ಅದಕ್ಕೇ ಬೆಲ್ಲವೂ ಕೊನೆಗೆ. ಆ ಭಾನುವಾರ ನಾನು ಕಾಳು ಬೇಯಬಾರದೆಂದು ಏನೇನು ಮಾಡಬಹುದೋ ಅಷ್ಟನ್ನೂ ಮಾಡಿದ್ದೆ.

ಓವನ್ ಬೇಡವೇ ಎಂದು ಕೇಳುವವರಿದ್ದಾರೆ. ಮುಂಬಯಿಯ ಹೊರವಲಯದ ಡೊಂಬಿವಲಿಯ ನಮ್ಮಂಥ ಮನೆಗಳಲ್ಲಿ ಎರಡು ಬರ್ನರಿನ ಒಲೆಯ ಪಕ್ಕ ಮಿಕ್ಸರ್ ಇಟ್ಟರೆ ಲಟ್ಟಣಿಗೆಗೆ ಜಾಗ ಹುಡುಕಬೇಕು. ಓವನ್ನಿನ ಮಾತೇ ಬೇಡ. ಅಷ್ಟಕ್ಕೂ ಸೂಪರ್‌ಮಾರ್ಕೆಟಿನ ಕಪಾಟಿನಲ್ಲಿರುವ ‘ಬೇಕ್ಡ್ ಬೀನ್ಸ್’ ಡಬ್ಬಿಯ ಕಾಳೂ ಓವನ್ ಕಂಡದ್ದಲ್ಲ. ಕಾರ್ಖಾನೆಯಲ್ಲಿ ಕಾಳನ್ನು ಬಿಸಿನೀರಿನಲ್ಲಿ ಅರೆಬೇಯಿಸಿ, ಸಾಸಿನ ಜೊತೆ ಡಬ್ಬಿಗೆ ತುಂಬಿ, ಮುಚ್ಚಿ, ಡಬ್ಬಿಯ ಸಮೇತ ಹಬೆಯ ಒತ್ತಡದಲ್ಲಿ ಬೇಯಿಸುತ್ತಾರೆ. ಹೆಸರಷ್ಟೇ ಬೇಕ್ಡ್. ಹೈಂಜ್ ಕಂಪನಿಯ ಬೀನ್ಸ್ 1886ರಲ್ಲಿ ಲಂಡನ್ನಿನ ಫೋರ್ಟ್ನಮ್ ಅಂಡ್ ಮೇಸನ್ ಅಂಗಡಿಯಲ್ಲಿ ಮೊದಲು ಮಾರಾಟಕ್ಕೆ ಬಂದಾಗ ಶ್ರೀಮಂತರ ಪದಾರ್ಥವಾಗಿತ್ತು. ಮುಂದೆ ಅದು ಅಲ್ಲಿನ ಬಡವರ ಬೆಳಗಿನ ತಿಂಡಿಯಾಯಿತು. ಇಲ್ಲಿಗೆ ಬರುವಾಗ ಹಡಗಿನ ಬಾಡಿಗೆ ಹೊತ್ತು ಮತ್ತೆ ಶ್ರೀಮಂತರದೇ ಆಗಿದೆ. ಒಂದು ಆಮದು ಡಬ್ಬಿಯ ದುಡ್ಡಿಗೆ ಕಾಲು ಕಿಲೊ ಕಾಳು, ಮುಕ್ಕಾಲು ಕಿಲೊ ಟೊಮೆಟೊ ತಂದು ಚಿಲ್ಲರೆ ಉಳಿಸಬಹುದು, ಟೊಮೆಟೊ ರೇಟು ತಲೆಗೆ ಹತ್ತಿಲ್ಲದಿದ್ದರೆ.

ಯಾವ ಕಾಳು ತರಬೇಕು

ಡಬ್ಬಿಯಲ್ಲಿರುವುದು ಹ್ಯಾರಿಕಾಟ್ ಅಥವಾ ನೇವಿ ಬೀನ್ಸ್ ಎನ್ನುವ ಪುಟ್ಟ ಬಿಳಿ ಕಾಳು. ನಮ್ಮ ರಾಜ್ಮಾದ ಜಾತಿಯೇ. ಟೊಮೆಟೊ, ಮೆಣಸಿನಕಾಯಿಗಳ ಹಾಗೆ ಇದೂ ಅಮೆರಿಕ ಖಂಡದಿಂದ ಬಂದದ್ದು. ಕಿರಾಣಿ ಅಂಗಡಿಯ ವಾಣಿಯ ಹತ್ತಿರ ನೇವಿ ಬೀನ್ಸ್ ಎಂದರೆ ಮುಖ ನೋಡುತ್ತಾನೆ. ‘ಪಾಂಢರಾ ರಾಜ್ಮಾ’ ಎಂದು ಕೇಳಿ. ಬರೀ ಘೇವಡಾ ಎಂದರೆ ಮರಾಠಿಯಲ್ಲಿ ಹಸಿ ತರಕಾರಿಗೂ ಅದೇ ಹೆಸರಾದ್ದರಿಂದ ಭಾಜಿವಾಲಾನ ಕಡೆ ಕೈ ತೋರಿಸಿಬಿಡುತ್ತಾರೆ. ಕಿರುಬೆರಳಿನ ಉಗುರಿನಷ್ಟಿರುವ ಸಣ್ಣ ಕಾಳು ಸಿಕ್ಕಿದರೆ ಅದನ್ನೇ ಆರಿಸಿ. ದಪ್ಪ ಕಾಳಿಗೆ ಅರ್ಧ ಗಂಟೆ ಜಾಸ್ತಿ ಬೇಕು, ಸಿಪ್ಪೆಯೂ ದಪ್ಪ.

ಕಾಳು ಎಷ್ಟು ಹಳೆಯದು ಎಂಬುದು ಎಲ್ಲಕ್ಕಿಂತ ಮುಖ್ಯ. ಸೆಖೆ ಮತ್ತು ತೇವ ಎರಡೂ ಸೇರಿದ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಮುಂಬಯಿಯಲ್ಲಿ ಸೆಖೆಗೂ ತೇವಕ್ಕೂ ಬರ ಎಲ್ಲಿದೆ? ಮಳೆಗಾಲ ಕಳೆದು ಡಬ್ಬಿಯ ತಳದಲ್ಲಿ ಉಳಿದ ಕಾಳನ್ನು ಹೊಸ ಕಾಳಿನ ಜೊತೆ ಬೆರೆಸಬೇಡಿ. ಹೊಸದು ಕರಗಿ ಹಿಟ್ಟಾಗುವ ಹೊತ್ತಿಗೂ ಹಳೆಯದು ಕಲ್ಲಾಗಿಯೇ ಇರುತ್ತದೆ. ನಾನು ಒಮ್ಮೆಗೆ ಅರ್ಧ ಕಿಲೊಗಿಂತ ಹೆಚ್ಚು ತರುವುದಿಲ್ಲ. ಮಾಟುಂಗಾಕ್ಕೆ ಕರಿಬೇವು, ತೆಂಗಿನೆಣ್ಣೆ ಅಂತ ಹೋದಾಗ ಅಲ್ಲೇ ಹೆಚ್ಚು ವ್ಯಾಪಾರವಿರುವ ಅಂಗಡಿಯಿಂದ ತರುತ್ತೇನೆ. ಜನ ನುಗ್ಗುವ ಅಂಗಡಿಯ ಮೂಟೆಯಲ್ಲಿ ಕಾಳು ಹಳತಾಗಲು ಪುರುಸೊತ್ತಿರುವುದಿಲ್ಲ. ಮಂಕಾದ, ಸುಕ್ಕಾದ, ಹೋಳಾದ ಕಾಳು ತುಂಬ ಕಂಡರೆ ಬಿಟ್ಟು ಬನ್ನಿ.

ಬಿಳಿಯದು ಸಿಗದಿದ್ದರೆ? ಸಾತಾರಾ ಜಿಲ್ಲೆಯ ಕೋರೆಗಾಂವ್ ಕಡೆಯ ವಾಘ್ಯಾ ಘೇವಡಾ ಸೊಗಸಾಗಿ ಒಗ್ಗುತ್ತದೆ. ಹುಲಿಯ ಹಾಗೆ ಪಟ್ಟೆ ಇರುವುದರಿಂದ ಆ ಹೆಸರು, ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೆಂದಾಗ ಪಟ್ಟೆ ಮಾಸುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಪುಣೆಯವರಿಗೆ ಇದು ಸುಲಭದಲ್ಲಿ ಸಿಕ್ಕೀತು. ಅವಸರದವರಿಗೆ ಅಲಸಂಡೆ ಕಾಳು, ಇಲ್ಲಿನವರ ಚವಳಿ. ಗೋವೆಯಲ್ಲಿ ಅಳ್ಸಾಂದೆ ಎನ್ನುತ್ತಾರೆ, ನಮ್ಮ ಕರಾವಳಿಯ ಕಿವಿಗೆ ಮನೆಯದೇ ಹೆಸರು. ಅದು ರಾಜ್ಮಾದ ಜಾತಿಯಲ್ಲ, ಬೇಗ ಬೇಯುತ್ತದೆ. ರುಚಿಯಲ್ಲಿ ಮಾತ್ರ ಸ್ವಲ್ಪ ಮಣ್ಣಿನ ವಾಸನೆ ಬರುತ್ತದೆ. ನನಗೆ ಇಷ್ಟ, ನನ್ನ ಮಗಳಿಗೆ ಇಲ್ಲ.

ಬೇಕಾಗುವ ಸಾಮಾನು

ನಾಲ್ಕೈದು ಜನರಿಗೆ ಸಾಕಾಗುವ ಅಳತೆ ಇದು.

ಬಿಳಿ ರಾಜ್ಮಾ 250 ಗ್ರಾಂ (ಬೆಂದಾಗ ಸುಮಾರು 600 ಗ್ರಾಂ ಆಗುತ್ತದೆ)
ಹಣ್ಣಾದ ಟೊಮೆಟೊ 750 ಗ್ರಾಂ
ದೊಡ್ಡ ಈರುಳ್ಳಿ 1, ಚಿಕ್ಕ ಗಜ್ಜರಿ 1
ಬೆಳ್ಳುಳ್ಳಿ 7 ಎಸಳು
ಎಣ್ಣೆ 3 ದೊಡ್ಡ ಚಮಚ
ಬ್ಯಾಡಗಿ ಮೆಣಸಿನ ಪುಡಿ 1 ಚಿಕ್ಕ ಚಮಚ
ಸಾಸಿವೆ ಪುಡಿ ಅರ್ಧ ಚಿಕ್ಕ ಚಮಚ
ಲವಂಗ 2, ದಾಲ್ಚಿನ್ನಿ ಬೆರಳಿನ ಒಂದು ಗೆಣ್ಣಿನಷ್ಟು, ದಾಲ್ಚಿನ್ನಿ ಎಲೆ 1
ಬೆಲ್ಲ 1 ದೊಡ್ಡ ಚಮಚ, ವಿನೆಗರ್ 1 ಚಿಕ್ಕ ಚಮಚ
ಉಪ್ಪು

ಬ್ಯಾಡಗಿಯ ಬದಲು ಯಾವುದಾದರೂ ಖಾರದ ಪುಡಿ ಆದೀತೇ ಎಂದರೆ, ಆಗದು ಎನ್ನುತ್ತೇನೆ. ಇಂಗ್ಲಿಷರು ಈ ಸಾಸಿಗೆ ಪಾಪ್ರಿಕಾ ಹಾಕುತ್ತಾರೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಹಾವೇರಿ ಜಿಲ್ಲೆಯ ಬ್ಯಾಡಗಿಯದೂ ಅದೇ ಗುಣ. ಮುಂಬಯಿಯಲ್ಲಿ ‘ಬೇಡಗಿ’ ಎಂದು ಕೇಳಿ. ಇಲ್ಲಿನ ಲಾಲ್‌ಬಾಗಿನ ಮಸಾಲೆ ಅಂಗಡಿಗಳಲ್ಲಿ ಒಣಮೆಣಸು ತೂಗಿಸಿಕೊಂಡು ಅಲ್ಲೇ ಕುಟ್ಟಿಸಿಕೊಂಡು ಬರಬಹುದು.

ಹಿಂದಿನ ರಾತ್ರಿ

ಕಾಳು ಆರಿಸಿ, ತೊಳೆದು, ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು ಕರಗಿಸಿ ಅದರಲ್ಲಿ ನೆನೆಸಿಡಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಓಡುತ್ತಿದೆ. ಹುಳಿಯ ತಪ್ಪನ್ನು ಪಾಪ ಉಪ್ಪಿನ ತಲೆಗೂ ಕಟ್ಟಿದ್ದಾರೆ. ನಿಜದಲ್ಲಿ ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಮ್ಮನ್ನು ಸರಿಸಿ ಅದರ ಜಾಗ ಹಿಡಿಯುತ್ತದೆ, ಸಿಪ್ಪೆ ಮೃದುವಾಗುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ. ಎರಡು ಬಟ್ಟಲಲ್ಲಿ ಬೇರೆಬೇರೆ ನೆನೆಸಿ ಒಂದು ಸಲ ನೋಡಿ, ಆಮೇಲೆ ನನ್ನನ್ನು ಕೇಳುವುದಿಲ್ಲ.

ಎಂಟರಿಂದ ಹತ್ತು ಗಂಟೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ರಾತ್ರಿಯೂ ಸೆಖೆ. ಅಡುಗೆಕಟ್ಟೆಯ ಮೇಲಿಟ್ಟ ಕಾಳು ಬೆಳಗಾಗುವಷ್ಟರಲ್ಲಿ ನೊರೆ ಬಂದು ಹುಳಿವಾಸನೆ ಹೊಡೆಯುತ್ತದೆ. ಆಗ ಫ್ರಿಜ್ಜಿನಲ್ಲಿ ನೆನೆಸಿ. ಬೆಳಿಗ್ಗೆ ನೀರಿನಲ್ಲಿ ತೇಲುತ್ತಿರುವ ಕಾಳು ತೆಗೆದುಹಾಕಿ, ಸಿಪ್ಪೆ ಸುಕ್ಕಾಗಿಯೇ ಉಳಿದದ್ದನ್ನು ಕೂಡ. ಸುಕ್ಕು ಎಂದರೆ ಸಿಪ್ಪೆ ನೀರು ಕುಡಿದಿದೆ, ಒಳಗಿನ ಬೇಳೆ ಇನ್ನೂ ಕುಡಿದಿಲ್ಲ. ಅರ್ಧಕ್ಕರ್ಧ ಹಾಗಿದ್ದರೆ ಇನ್ನೆರಡು ಗಂಟೆ ಬಿಡಿ. ನೆನೆಸಿದ ನೀರನ್ನು ಚೆಲ್ಲಿ, ಕಾಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ.

ಕಾಳು ಬೇಯಿಸುವುದು

ದಪ್ಪ ತಳದ ಸ್ಟೀಲ್ ಟೋಪು ತೆಗೆದುಕೊಳ್ಳಿ. ಕಾಳು, ಒಂದೂವರೆ ಲೀಟರ್ ಹೊಸ ನೀರು, ದಾಲ್ಚಿನ್ನಿ ಎಲೆ, ಜಜ್ಜಿದ ಎರಡು ಬೆಳ್ಳುಳ್ಳಿ. ಇಷ್ಟೇ. ದೊಡ್ಡ ಉರಿಯಲ್ಲಿ ಕುದಿ ಬರಿಸಿ. ಬಿಳಿ ನೊರೆ ಮೇಲೆ ಬರುತ್ತದೆ, ಸೌಟಿನಿಂದ ತೆಗೆಯಿರಿ. ಕುದಿ ಬಂದ ಮೇಲೆ ಕನಿಷ್ಠ ಹತ್ತು ನಿಮಿಷ ಗಳಗಳ ಕುದಿಯಲೇಬೇಕು.

ಈ ಹತ್ತು ನಿಮಿಷ ರುಚಿಗಾಗಿ ಅಲ್ಲ. ರಾಜ್ಮಾ ಜಾತಿಯ ಹಸಿ ಕಾಳಿನಲ್ಲಿ ಲೆಕ್ಟಿನ್ ಗುಂಪಿಗೆ ಸೇರಿದ ಒಂದು ನಂಜಿನ ಪ್ರೋಟೀನು ಇದೆ. ಸರಿಯಾಗಿ ಕುದಿಯದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕೆಂಪು ರಾಜ್ಮಾದಲ್ಲಿ ಅದು ಅತಿ ಹೆಚ್ಚು, ಬಿಳಿಯದರಲ್ಲಿ ಸುಮಾರು ಮೂರನೇ ಒಂದು ಪಾಲು. ಪೂರ್ತಿ ಕುದಿಯುವ ಶಾಖಕ್ಕೆ ಅದು ನಾಶವಾಗುತ್ತದೆ. ಬೆಚ್ಚಗಿನ ಶಾಖದಲ್ಲಿ ನಿಧಾನ ಬೇಯಿಸಿದರೆ ನಾಶವಾಗುವ ಬದಲು ಅದರ ಪ್ರಭಾವ ಹೆಚ್ಚುವುದೂ ಉಂಟು. ವಿದ್ಯುತ್ತಿನ ಸ್ಲೋ ಕುಕ್ಕರ್ ಇರುವವರು ಹಸಿ ಕಾಳನ್ನು ನೇರವಾಗಿ ಅದಕ್ಕೆ ಹಾಕಲೇಬಾರದು. ಕೆಂಪು ರಾಜ್ಮಾದಲ್ಲಿ ಈ ಅಡುಗೆ ಮಾಡುವವರು ಹತ್ತರ ಬದಲು ಮೂವತ್ತು ನಿಮಿಷ ಕುದಿಸಿ. ಬೇಯುವಾಗ ‘ಬೆಂದಿದೆಯಾ’ ಎಂದು ಐದೈದು ನಿಮಿಷಕ್ಕೊಮ್ಮೆ ಬಾಯಿಗೆ ಹಾಕಿಕೊಳ್ಳುವ ಚಾಳಿಯನ್ನೂ ಮೊದಲ ಅರ್ಧ ಗಂಟೆ ತಡೆದುಕೊಳ್ಳಿ.

ಇನ್ನು ಉರಿ ಸಣ್ಣಗೆ ಮಾಡಿ. ನೀರಿನ ಮೇಲ್ಮೈ ನಡುಗುತ್ತಿರಬೇಕು, ಕುಣಿಯಬಾರದು. ಕಾಳು ಒಂದಕ್ಕೊಂದು ಗುದ್ದಿಕೊಂಡರೆ ಸಿಪ್ಪೆ ಬಿಚ್ಚುತ್ತದೆ. ಕುಕ್ಕರಿನಲ್ಲಿ ಆಗುವುದೂ ಅದೇ. ಹೌದು, ಎರಡು ಮೂರು ಸೀಟಿಯಲ್ಲಿ ಕೆಲಸ ಮುಗಿಯುತ್ತದೆ, ಗ್ಯಾಸೂ ಉಳಿಯುತ್ತದೆ, ಆದರೆ ಅರ್ಧ ಕಾಳು ಒಡೆದು ಸಾಸ್ ಬೇಳೆ ಸಾರಿನಂತೆ ಮಂದವಾಗುತ್ತದೆ. ದುಂಡಗಿನ ಇಡೀ ಕಾಳು, ಕಚ್ಚಿದರೆ ಬೆಣ್ಣೆ, ಅದು ಬೇಕಾದರೆ ತೆರೆದ ಟೋಪೇ ಸರಿ. ಮುಚ್ಚಳ ಸ್ವಲ್ಪ ಓರೆ ಇಡಿ. ನೀರು ಕಾಳಿನಿಂದ ಎರಡು ಬೆರಳು ಮೇಲಿರಲಿ. ಕಡಿಮೆಯಾದರೆ ಕುದಿಯುವ ನೀರನ್ನೇ ಹಾಕಿ, ತಣ್ಣೀರಲ್ಲ.

ಹೊಸ ಸಣ್ಣ ಕಾಳಿಗೆ ಮುಕ್ಕಾಲು ಗಂಟೆ, ಸ್ವಲ್ಪ ಹಳೆಯದಕ್ಕೆ ಒಂದೂಕಾಲು ಗಂಟೆ. ಚವಳಿಯಾದರೆ ಅರ್ಧ ಗಂಟೆ. ಗಡಿಯಾರ ನಂಬಬೇಡಿ. ಚಮಚದಲ್ಲಿ ಕಾಳು ಎತ್ತಿ ಊದಿ, ಸಿಪ್ಪೆ ಸುರುಳಿಯಾಗಿ ಎದ್ದರೆ ಹತ್ತಿರ ಬಂದಿದೆ. ಆಮೇಲೆ ಟೋಪಿನ ಬೇರೆಬೇರೆ ಕಡೆಯಿಂದ ಐದು ಕಾಳು ತೆಗೆದು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ. ಐದಕ್ಕೆ ಐದೂ ಹಲ್ಲಿನ ಸಹಾಯವಿಲ್ಲದೆ ಜಜ್ಜಿಹೋಗಬೇಕು. ನಾಲ್ಕು ಬೆಂದು ಒಂದು ಬೇಯದಿದ್ದರೆ ಇನ್ನೂ ಹತ್ತು ನಿಮಿಷ. ಇಲ್ಲಿ ‘ಸಾಸಿನಲ್ಲಿ ಬೇಯುತ್ತದೆ ಬಿಡು’ ಅಂದುಕೊಂಡರೆ ಕೆಟ್ಟಿರಿ. ಟೊಮೆಟೊ ಬಿದ್ದ ಗಳಿಗೆಗೆ ಕಾಳು ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನನ್ನ ಮೊದಲ ಭಾನುವಾರ ಕೆಟ್ಟದ್ದೂ ಹಾಗೆಯೇ, ಎರಡನೆಯ ಸಲ ಅರ್ಧ ಕೆಟ್ಟದ್ದೂ ಇದೇ ಅವಸರದಿಂದ.

ನೀರಿನ ಬಗ್ಗೆ ಒಂದು ಮಾತು. ಮುಂಬಯಿಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾ ಕಡೆಯ ಜಲಾಶಯಗಳ ನೀರು, ಮಳೆಯ ನೀರಾದ್ದರಿಂದ ಮೃದು. ನಮ್ಮಂಥ ದೂರದ ಉಪನಗರಗಳಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ಬಂತೆಂದರೆ ಅದು ಬೋರ್‌ವೆಲ್ಲಿನದೂ ಆಗಿರಬಹುದು. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವ ನೀರು, ಕಾಳನ್ನೂ ಬಿಡುವುದಿಲ್ಲ. ಅಂಥ ದಿನ ಫಿಲ್ಟರ್ ನೀರು ಬಳಸಿ, ಇಲ್ಲವೇ ಎರಡು ಬೆರಳ ತುದಿಗೆ ಬರುವಷ್ಟು ಅಡುಗೆ ಸೋಡಾ ಹಾಕಿ. ಅದಕ್ಕಿಂತ ಒಂದು ಚೂರು ಹೆಚ್ಚಾದರೂ ಸಾಬೂನಿನ ರುಚಿ ಬರುತ್ತದೆ, ಸಿಪ್ಪೆ ಕಳಚಿ ತೇಲುತ್ತದೆ.

ಬೆಂದ ಕಾಳನ್ನು ಬಸಿದು, ಆ ನೀರನ್ನು ಎರಡು ಲೋಟ ಎತ್ತಿಡಿ. ಸಾಸನ್ನು ಕೂಡಿಸುವುದು ಆ ಪಿಷ್ಟದ ನೀರೇ. ಡಬ್ಬಿಯವರು ಮೆಕ್ಕೆಜೋಳದ ಪಿಷ್ಟ ಹಾಕಿ ಮಾಡುವ ಕೆಲಸವನ್ನು ಇದು ಬಿಟ್ಟಿಯಾಗಿ ಮಾಡುತ್ತದೆ.

ಸಾಸ್

ಕಾಳು ಬೇಯುತ್ತಿರುವಾಗಲೇ ಪಕ್ಕದ ಬರ್ನರಿನಲ್ಲಿ ಇದನ್ನು ಶುರು ಮಾಡಬಹುದು. ಕಲಾಯಿ ಇಲ್ಲದ ಹಿತ್ತಾಳೆ, ಬರೀ ಅಲ್ಯುಮಿನಿಯಮ್, ಕಬ್ಬಿಣದ ಬಾಣಲೆ ಬೇಡ. ಟೊಮೆಟೊದ ಹುಳಿ ಅವುಗಳನ್ನು ತಿನ್ನುತ್ತದೆ, ಸಾಸಿಗೆ ಲೋಹದ ಒಗರು ಬರುತ್ತದೆ.

ಟೊಮೆಟೊ ಸಿಪ್ಪೆ ತೆಗೆಯಲು ಬಿಸಿನೀರಿನಲ್ಲಿ ಮುಳುಗಿಸುವುದು, ತಣ್ಣೀರಿಗೆ ಹಾಕುವುದು ಅಂತೆಲ್ಲ ಪಾತ್ರೆ ಹೊಲಸು ಮಾಡುವ ಅಗತ್ಯವಿಲ್ಲ. ಅಡ್ಡಕ್ಕೆ ಎರಡು ಹೋಳು ಮಾಡಿ, ಕೊಯ್ದ ಮುಖವನ್ನು ಕಿಸಣಿಯ, ಅಂದರೆ ತುರಿಮಣೆಯ, ದೊಡ್ಡ ತೂತಿನ ಮೇಲೆ ಉಜ್ಜಿ. ತಿರುಳೆಲ್ಲ ಬಟ್ಟಲಿಗೆ, ಸಿಪ್ಪೆ ಅಂಗೈಯಲ್ಲಿ. ಐದು ನಿಮಿಷದ ಕೆಲಸ. ಪುಣೆ ಜಿಲ್ಲೆಯ ನಾರಾಯಣಗಾಂವ್ ಮಾರುಕಟ್ಟೆಯಿಂದ ಬರುವ ಉದ್ದನೆಯ ಗಟ್ಟಿ ಟೊಮೆಟೊ ಈ ಕೆಲಸಕ್ಕೆ ಚೆನ್ನ, ತಿರುಳು ಹೆಚ್ಚು, ನೀರು ಕಡಿಮೆ. ಲಾರಿಯ ಪ್ರಯಾಣ ತಡೆಯಲೆಂದು ಅರೆಗಾಯಿಯಲ್ಲೇ ಕಿತ್ತದ್ದಾದರೆ ಮನೆಯಲ್ಲಿ ಎರಡು ದಿನ ಹೊರಗಿಟ್ಟು ಕೆಂಪಾಗಲು ಬಿಡಿ. ಗಾವ್ಠಿ (ನಾಟಿ) ಟೊಮೆಟೊ ಪರಿಮಳ ಒಳ್ಳೆಯದು, ಹುಳಿ ಜಾಸ್ತಿ. ಅರ್ಧ ಅದು, ಅರ್ಧ ಇದು ಬೆರೆಸಿದರೆ ನನ್ನ ಲೆಕ್ಕದಲ್ಲಿ ಅತ್ಯುತ್ತಮ. ಮಳೆಗಾಲದ ಸಪ್ಪೆ ಟೊಮೆಟೊಗೆ ಎರಡು ಚಮಚ ಅಂಗಡಿಯ ಟೊಮೆಟೊ ಪೇಸ್ಟ್ ಸೇರಿಸಲು ನಾಚಿಕೆ ಬೇಡ.

ಎಣ್ಣೆ ಕಾಯಿಸಿ ಲವಂಗ, ದಾಲ್ಚಿನ್ನಿ ಹಾಕಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ತುರಿದ ಗಜ್ಜರಿ, ಚಿಟಿಕೆ ಉಪ್ಪು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗುವ ತನಕ. ಇಲ್ಲಿ ಸಿಗುವ ಸಿಹಿಯಿಂದಲೇ ಕೊನೆಗೆ ಬೆಲ್ಲ ಕಡಿಮೆ ಸಾಕಾಗುವುದು. ಉಳಿದ ಐದು ಬೆಳ್ಳುಳ್ಳಿ ಜಜ್ಜಿ ಹಾಕಿ ಒಂದು ನಿಮಿಷ. ಈಗ ಒಲೆ ಆರಿಸಿ, ಮೆಣಸಿನ ಪುಡಿ, ಸಾಸಿವೆ ಪುಡಿ ಹಾಕಿ ಹತ್ತೆಣಿಸುವಷ್ಟು ಹೊತ್ತು ಕೈಯಾಡಿಸಿ, ತಕ್ಷಣ ಟೊಮೆಟೊ ಸುರಿದು ಒಲೆ ಹಚ್ಚಿ. ಉರಿಯುವ ಒಲೆಯ ಮೇಲೆ ಬ್ಯಾಡಗಿ ಪುಡಿ ಸೀದರೆ ಬಣ್ಣ ಕಂದಿ ಸಾಸೆಲ್ಲ ಕಹಿಯಾಗುತ್ತದೆ.

ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕುದಿದು ಮೂರರಲ್ಲಿ ಒಂದು ಪಾಲು ಇಂಗಲಿ. ಹಸಿವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡು, ಮರದ ಸೌಟು ಎಳೆದ ದಾರಿ ಒಂದು ಕ್ಷಣ ತೆರೆದೇ ಇದ್ದರೆ ಸಾಸ್ ಆಯಿತು. ಲವಂಗ, ದಾಲ್ಚಿನ್ನಿ ತೆಗೆದುಬಿಡಿ. ಡಬ್ಬಿಯದರಂತೆ ನುಣ್ಣಗಿರಬೇಕೆನ್ನುವವರು ಸ್ವಲ್ಪ ಆರಿಸಿ ಮಿಕ್ಸರಿಗೆ ಹಾಕಿ. ಬಿಸಿಬಿಸಿ ಹಾಕಿದರೆ ಹಬೆಗೆ ಮುಚ್ಚಳ ಹಾರಿ ಗೋಡೆಗೆಲ್ಲ ಓಕುಳಿ. ನಾನು ರುಬ್ಬುವುದಿಲ್ಲ. ಈರುಳ್ಳಿ ಬಾಯಿಗೆ ಸಿಗಬೇಕು.

ಎರಡನ್ನೂ ಕೂಡಿಸುವುದು

ಬೆಂದ ಕಾಳು, ಸಾಸ್, ಎತ್ತಿಟ್ಟ ನೀರು ಒಂದು ಲೋಟ. ಮುಕ್ಕಾಲು ಚಿಕ್ಕ ಚಮಚ ಉಪ್ಪಿನಿಂದ ಶುರು ಮಾಡಿ, ಕಾಳು ಆಗಲೇ ಒಂದಷ್ಟು ಉಪ್ಪು ಕುಡಿದಿದೆ. ಬೆಲ್ಲ ಈಗ ಹಾಕಿ. ಕೊಲ್ಹಾಪುರದ ಬೆಲ್ಲವಾದರೆ ಬಣ್ಣ ಹೊಳಪಾಗಿಯೇ ಇರುತ್ತದೆ. ಊರಿನ ಕಪ್ಪು ಬೆಲ್ಲ ಹಾಕಿದರೆ ಸಾಸ್ ಕಂದುಬಣ್ಣಕ್ಕೆ ತಿರುಗಿದರೂ ರುಚಿಗೆ ಆಳ ಬರುತ್ತದೆ. ಸಣ್ಣ ಉರಿಯಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ, ಮುಚ್ಚಳ ಓರೆಯಾಗಿಟ್ಟು.

ತಳ ಹಿಡಿಯುವ ಹಂತ ಇದೇ. ಟೊಮೆಟೊ, ಪಿಷ್ಟ, ಬೆಲ್ಲ ಮೂರೂ ಒಟ್ಟಿಗಿದ್ದ ಮೇಲೆ ಕೇಳಬೇಕೇ? ನನ್ನ ಉಪಾಯ, ಟೋಪಿನ ಕೆಳಗೆ ಹಳೆಯ ದೋಸೆ ಕಾವಲಿ. ಉರಿ ನೇರ ತಾಗದೆ ಕಾವು ಹರಡಿಕೊಳ್ಳುತ್ತದೆ. ಆದರೂ ಐದು ನಿಮಿಷಕ್ಕೊಮ್ಮೆ ಮರದ ಸೌಟಿನಿಂದ ತಳ ಮುಟ್ಟಿ ತಿರುವಿ, ಕಾಳು ಜಜ್ಜದಂತೆ. ಅಪ್ಪಿತಪ್ಪಿ ಸೀದ ವಾಸನೆ ಬಂದರೆ ಕೆರೆಯಬೇಡಿ, ತಿರುವಲೂ ಬೇಡಿ. ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಹಿಡಿದದ್ದನ್ನು ಅಲ್ಲೇ ಬಿಡಿ. ಅನ್ನ ಸೀದಾಗ ಮಾಡುವುದನ್ನೇ.

ನೀರಾಗಿದ್ದರೆ ಎರಡು ಚಮಚ ಕಾಳನ್ನು ಟೋಪಿನ ಅಂಚಿಗೆ ಒತ್ತಿ ಜಜ್ಜಿ ಬೆರೆಸಿ. ಗಟ್ಟಿಯಾದರೆ ಉಳಿದ ಕಾಳಿನ ನೀರಿದೆ. ಸಾಂಬಾರಿಗಿಂತ ಗಟ್ಟಿ, ಕಡ್ಲೆ ಗಸಿಗಿಂತ ತೆಳು ಇರುವಾಗಲೇ ಒಲೆ ಆರಿಸಿ, ಆರುತ್ತಾ ಅದು ತಾನೇ ಬಿಗಿಯುತ್ತದೆ. ಆಮೇಲೆ ವಿನೆಗರ್. ಗೋವೆಗೆ ಹೋದವರು ತೆಂಗಿನ ಕಳ್ಳಿನ ವಿನೆಗರ್ ತಂದುಕೊಟ್ಟರೆ ನಾನು ಅದನ್ನು ಇದಕ್ಕೆಂದೇ ಎತ್ತಿಡುತ್ತೇನೆ. ಅಂಗಡಿಯ ಬಿಳಿ ವಿನೆಗರಿನ ಹಾಗೆ ಮೂಗಿಗೆ ಹೊಡೆಯುವುದಿಲ್ಲ. ಮುಚ್ಚಿ ಅರ್ಧ ಗಂಟೆ ಸುಮ್ಮನೆ ಬಿಡಿ. ಆ ಅರ್ಧ ಗಂಟೆಯಲ್ಲಿ ಕಾಳು ಸಾಸನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಇನ್ನೂ ರುಚಿ. ಹುಳಿ ಜಾಸ್ತಿ ಅನ್ನಿಸಿದರೆ ಬೆಲ್ಲ ಸುರಿಯುವ ಮೊದಲು ಉಪ್ಪು ನೋಡಿ, ಹಲವು ಸಲ ಕಡಿಮೆಯಾಗಿರುವುದು ಉಪ್ಪೇ.

ಇಡುವುದು, ತಿನ್ನುವುದು

ಒಲೆಯಿಂದ ಇಳಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ದೊಡ್ಡ ಟೋಪು ಬೇಗ ಆರುವುದಿಲ್ಲ, ಅಗಲ ಪಾತ್ರೆಗೆ ಹರಡಿ. ಮೂರು ನಾಲ್ಕು ದಿನ ಇರುತ್ತದೆ. ಫ್ರೀಜರಿನಲ್ಲಿ ಎರಡು ತಿಂಗಳು. ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಉಪ್ಪಿನಕಾಯಿಯಂತೆ ಹೊರಗೆ ಇಡುತ್ತೇನೆ ಎಂದು ಮಾತ್ರ ಹೊರಡಬೇಡಿ. ಕಾಳಿನಲ್ಲಿ ಹುಳಿ ಕಡಿಮೆ, ಗಾಳಿಯಾಡದ ಬಾಟಲಿಯೊಳಗೆ ಬೊಟುಲಿಸಮ್ ತರುವ ಬ್ಯಾಕ್ಟೀರಿಯಾ ಬೆಳೆಯಲು ಹೇಳಿಮಾಡಿಸಿದ ಜಾಗ. ಕಾರ್ಖಾನೆಯ ಡಬ್ಬಿ ಕೆಡದಿರುವುದು ಒತ್ತಡದ ಹಬೆಯಲ್ಲಿ ನೂರು ಡಿಗ್ರಿ ಮೀರಿದ ಶಾಖ ಕೊಟ್ಟದ್ದಕ್ಕೆ, ನಮ್ಮ ಟೋಪಿಗೆ ಆ ಶಕ್ತಿ ಇಲ್ಲ.

ತಿನ್ನಲು ಬ್ರೆಡ್ ಟೋಸ್ಟೇ ಆಗಬೇಕೆಂದಿಲ್ಲ. ಕಾವಲಿಯ ಮೇಲೆ ಬೆಣ್ಣೆ ಹಾಕಿ ಕವುಚಿ ಬಿಸಿಮಾಡಿದ ಲಾದಿ ಪಾವ್ ಒಳ್ಳೆಯದು, ಗಟ್ಟಿ ಹೊಟ್ಟಿನ ಬ್ರುನ್ ಪಾವ್ ಅದಕ್ಕಿಂತ ಒಳ್ಳೆಯದು, ಸಾಸ್ ಹೀರಿಯೂ ಬೀಳದೆ ನಿಲ್ಲುತ್ತದೆ. ಹುಬ್ಬಳ್ಳಿ ಕಡೆಯ ನಮ್ಮ ನೆರೆಮನೆಯವರು ಜೋಳದ ರೊಟ್ಟಿಗೆ ಹಚ್ಚಿಕೊಂಡು, ಮೇಲೆ ಶೇಂಗಾ ಚಟ್ನಿ ಉದುರಿಸಿ ತಿಂದರು. ಮೊದಲು ನಕ್ಕೆ, ಆಮೇಲೆ ನಾನೂ ಹಾಗೇ ತಿಂದೆ. ನೀರುದೋಸೆಗೆ ಮಾತ್ರ ಹೊಂದುವುದಿಲ್ಲ, ದೋಸೆ ಸೋತುಹೋಗುತ್ತದೆ. ಮರುದಿನ ಉಳಿದ ನಾಲ್ಕು ಚಮಚವನ್ನು ಗರಿಗರಿ ಸಾದಾ ದೋಸೆಯೊಳಗೆ ಪಲ್ಯದ ಬದಲು ಹರಡಿ ಮಡಿಸಿ.

ಆಫೀಸಿನ ಡಬ್ಬಿಗೆ ಹಾಕುವುದಾದರೆ ಪಾವ್ ಬೇರೆ, ಬೀನ್ಸ್ ಬೇರೆ, ಬೀನ್ಸಿನದು ತಿರುಗಿಸಿ ಮುಚ್ಚುವ ಮುಚ್ಚಳದ್ದೇ ಆಗಬೇಕು. ಒತ್ತಿ ಮುಚ್ಚುವ ಡಬ್ಬಿಯನ್ನು ನಂಬಿ ಒಂದು ದಿನ ಬೆಳಗಿನ ಲೋಕಲ್ ಹತ್ತಿದೆ. ದಾದರ್ ಬರುವಷ್ಟರಲ್ಲಿ ಪಕ್ಕದವರ ಬಿಳಿ ಅಂಗಿಯ ತೋಳಿಗೆ ಬ್ಯಾಡಗಿಯ ಬಣ್ಣ ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಾಗಿತ್ತು.